ನಾಲ್ಕು ವೈರು, ನಾಲ್ಕು ಎಳೆ ದಾರ

ಮೂರೂಮುಕ್ಕಾಲಿಗೆ, ರಿಪೇರಿ ಮುಗಿಯುತ್ತ ಬಂದಾಗ, ಪುಟ್ಟಿಗೆ ಕುಣಿಯಬೇಕು ಅನ್ನಿಸಿತು. ಐವತ್ತೆರಡರ ಹೆಂಗಸನ್ನು ಪುಟ್ಟಿ ಅನ್ನುವವಳು ಜಗತ್ತಿನಲ್ಲಿ ಒಬ್ಬಳೇ, ಅವಳ ಅಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಇಬ್ಬರದೂ ಟೈಲರಿಂಗ್ ಅಂಗಡಿ. ಹಿಂದಿನ ಶೆಡ್ಡಿನಲ್ಲಿ ಅಪ್ಪನ ಸ್ಪೋರ್ಟ್ಸ್ ಕಾರು. ಅಪ್ಪ ಹೋದ ಮೇಲೆ, ಹನ್ನೊಂದು ವರ್ಷದಿಂದ ಅದು ಕೆಮ್ಮಿಯೂ ಇರಲಿಲ್ಲ.

ಅದು ರೋಟರಿ ಎಂಜಿನ್ನಿನ ಗಾಡಿ. ಪಿಸ್ಟನ್ ಮೇಲೆ ಕೆಳಗೆ ಕುಪ್ಪಳಿಸುವುದಿಲ್ಲ. ಎರಡು ತ್ರಿಕೋನಾಕಾರದ ತುಂಡುಗಳು ಒಳಗೇ ಗಿರಗಿರ ತಿರುಗುತ್ತವೆ. ಒಂದೊಂದಕ್ಕೂ ಎರಡೆರಡು ಸ್ಪಾರ್ಕ್ ಪ್ಲಗ್. ಕೆಳಗಿನದು ಮೊದಲು ಕಿಡಿ ಹಾರಿಸಬೇಕು, ಮೇಲಿನದು ಚೂರು ತಡೆದು. ಪ್ಲಗ್ಗುಗಳಿಗೆ ಕರೆಂಟು ಹಂಚುವ ಸವೆದ ಡಿಸ್ಟ್ರಿಬ್ಯೂಟರ್ ಕಿತ್ತು, ಪುಟ್ಟಿ ಆ ಕರೆಂಟು ಕೊಡಲು ಪ್ಲಗ್ಗಿಗೊಂದರಂತೆ ನಾಲ್ಕು ಹೊಸ ಕಾಯಿಲ್ ಕೂರಿಸಿದ್ದಳು. ವೈರುಗಳೋ, ನಾಲ್ಕೂ ಒಂದೇ ಕರಿ. ಟೈಲರಿನ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಗುರುತಿಗೆ ತುದಿಗೊಂದು ಬಣ್ಣದ ದಾರ ಕಟ್ಟಿ, ನಾಲ್ಕನ್ನೂ ದಪ್ಪ ಬಟ್ಟೆಯ ತೋಳಿಗೆ ತೂರಿಸಿ ಒತ್ತೊತ್ತಾಗಿ ಹೊಲಿದುಬಿಟ್ಟಿದ್ದಳು. ಆಚೆ ತುದಿಗಳು ಆಗಲೇ ಪ್ಲಗ್ಗಿಗೆ ಸೇರಿದ್ದವು, ಇನ್ನು ದಾರ ನೋಡಿಕೊಂಡು ಈಚೆ ತುದಿಗಳನ್ನು ಕಾಯಿಲ್ಲಿಗೆ ಸಿಕ್ಕಿಸಿದರೆ ಆಯಿತು.

ನಾಲ್ಕಕ್ಕೆ ಗುಜರಿಯವನು ಬರುವವನಿದ್ದ. ಅಕ್ಕನ ತೀರ್ಪು ಬೆಳಿಗ್ಗೆಯೇ ಆಗಿತ್ತು: "ಅವ್ನು ಬರೋಷ್ಟ್ರಲ್ಲಿ ಸ್ಟಾರ್ಟ್ ಆದ್ರೆ ಇರ್ಲಿ. ಇಲ್ದಿದ್ರೆ ಅವ್ನ ಪಾಲು. ಆ ಜಾಗದಲ್ಲಿ ನಂಗೊಂದು ಕಟಿಂಗ್ ಟೇಬಲ್ ಬೇಕು."

ಪುಟ್ಟಿ ಕೈ ತೊಳೆದು ಬಂದರೆ, ಅಕ್ಕ ತೆರೆದ ಬಾನೆಟ್ಟಿನೊಳಗೆ ಬಗ್ಗಿ ನಿಂತಿದ್ದಳು. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಪುಟ್ಟ ಕತ್ತರಿ. ವೈರುಗಳ ತುದಿ ಬೋಳು.

"ಅಕ್ಕಾ, ದಾರ ಎಲ್ಲಿ?"

"ಕಿತ್ತೆ. ಹೊಲಿಗೆ ಮುಗಿದ್ಮೇಲೂ ಕಚ್ಚಾ ದಾರ ಬಿಡ್ತಾರೇನೇ ಯಾರಾದ್ರೂ?"

"ಅಯ್ಯೋ, ಅದು ಗುರುತು ಕಣೇ!"

ಪುಟ್ಟಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಗುವೇ ಮೊದಲು ಬಂತು. ಹೊಟ್ಟೆ ಹಿಡಿದು ನೆಲದ ಮೇಲೆ ಕೂತಳು. ಆ ತೋಳು ಬಿಚ್ಚಲು ಗಂಟೆ ಬೇಕು, ಇದ್ದದ್ದು ಹತ್ತು ನಿಮಿಷ. ದೇವರ ಮೇಲೆ ಭಾರ ಹಾಕಿ, ಕೈಗೆ ಸಿಕ್ಕಂತೆ ಸಿಕ್ಕಿಸಿ ಕೀಲಿ ತಿರುಗಿಸಿದಳು.

ಢಮ್! ಸೈಲೆನ್ಸರಿನಿಂದ ಹೊಗೆ ಚಿಮ್ಮಿತು. ಬೀದಿಯಲ್ಲಿ ಹೋಗುತ್ತಿದ್ದ ಅಂಚೆಯವನು ಸೈಕಲ್ಲಿನಿಂದ ತಾನಾಗಿಯೇ ಇಳಿದ.

"ಇನ್ನೊಂದ್ಸಲ ತಪ್ಪಿದ್ರೆ ಪ್ಲಗ್ ಪೆಟ್ರೋಲಲ್ಲಿ ತೊಯ್ದು ಇವತ್ತಿಗೆ ಕಥೆ ಮುಗೀತು," ಅಂದಳು ಪುಟ್ಟಿ. ಆಗಲೇ ಗೇಟಿಗೆ ಅಡ್ಡವಾಗಿ ಗುಜರಿಯವನ ಲಾರಿ ಬಂದು ನಿಂತಿತು.

ಅಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಟೇಬಲ್ ಅವಳದಾಗುತ್ತಿತ್ತು. ಅವಳು ಕಣ್ಣು ಮುಚ್ಚಿದಳು. ಬೆರಳುಗಳು ಗಾಳಿಯಲ್ಲೇ ದಾರ ಕೀಳತೊಡಗಿದವು.

"ಮೊದ್ಲು ಕಿತ್ತಿದ್ದು ಗೋಡೆ ಕಡೇದು, ಹಳದಿ. ಪಕ್ಕದ್ದು ಹಸಿರು. ಆಮೇಲೆ ನೀಲಿ. ಈ ತುದೀದು ಕೆಂಪು."

"ಖಂಡಿತಾನಾ?"

"ನಲವತ್ತು ವರ್ಷದಿಂದ ಕೀಳ್ತಿದೀನಿ. ನನ್ನ ಕೈ ಮರೆಯುತ್ತೇನೇ? ಸಿಕ್ಕಿಸು!"

ಪುಟ್ಟಿ ಸಿಕ್ಕಿಸಿದಳು. ಕೀಲಿ ತಿರುಗಿಸಿದಳು. ಗಾಡಿ ಒಮ್ಮೆ ಬಿಕ್ಕಿತು, ಎರಡು ಸಲ ಬಿಕ್ಕಿತು, ಆಮೇಲೆ ಶೆಡ್ಡಿನ ತಗಡೆಲ್ಲ ನಡುಗುವ ಹಾಗೆ ಜುಂಯ್ ಅಂತ ಹಾಡತೊಡಗಿತು. ಪುಟ್ಟಿ ಸ್ಟಿಯರಿಂಗಿಗೆ ಮುತ್ತು ಕೊಟ್ಟಳು. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು, ಸೆರಗು ಎಳೆದುಕೊಂಡು, ಅಕ್ಕ ಒಳಗೆ ಕೂತಾಗಿತ್ತು. ಅವಳ ಕೆನ್ನೆ ಒದ್ದೆಯಾಗಿತ್ತು.

"ಟೇಬಲ್ ಬೇಕು ಅಂತಿದ್ಯಲ್ಲೇ?"

"ಈ ಸದ್ದು ಇನ್ಯಾವತ್ತೂ ಕೇಳಲ್ವೇನೋ ಅಂತ ಹೆದರಿಕೊಂಡಿದ್ದೆ ಕಣೇ. ಅದಕ್ಕೇ ಗಾಡಿ ಬೇಡ ಬೇಡ ಅಂತಿದ್ದೆ." ಮೂಗು ಒರೆಸಿಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು:

"ಏನಪ್ಪಾ, ಲಾರಿ ಪಕ್ಕಕ್ಕೆ ತೆಗಿ! ಅಪ್ಪನ ಗಾಡಿ ಹೊರಡ್ಬೇಕು."