ಆಯುಧಪೂಜೆಯ ಆರು ಕ್ಯೂಬುಗಳು

ಸಿಮೆಂಟು ಇರುವುದೇ ಮನೆ ಕಟ್ಟುವುದಕ್ಕೆ ಎಂದು ನಂಬಿದ್ದ ಮನೆಯಲ್ಲಿ ಹುಟ್ಟಿದ ತ್ರಿವೇಣಿ, ಅದೇ ಸಿಮೆಂಟಿನೊಳಗೆ ಅಣುಸ್ಥಾವರದ ವಿಷದ ಕಸವನ್ನು ಕಟ್ಟಿಹಾಕುವುದು ಹೇಗೆ ಎಂದು ಸಂಶೋಧನೆ ಮಾಡುತ್ತಿದ್ದಳು. ಅದಕ್ಕೆ ಫೆಲೋಶಿಪ್ ಕೂಡ ಸಿಕ್ಕಿತ್ತು. ಅಜ್ಜಂಪುರದಿಂದ ಕಡೂರಿನ ಕಾಲೇಜಿಗೆ ದಿನಾ ಓಡಾಡಿ ಎರಡು ವರ್ಷ ಸವೆದಿತ್ತು. ಡಿಸೆಂಬರಿನಲ್ಲಿ ಸಮಿತಿಯವರು ಒಪ್ಪಿದರೆ ಇನ್ನೂ ಮೂರು ವರ್ಷ; ಒಪ್ಪದಿದ್ದರೆ ಪಿಎಚ್‌ಡಿಗೆ ಎಳ್ಳುನೀರು.

ಅವಳ ಕ್ಯೂಬುಗಳಲ್ಲಿ ನಿಜವಾದ ವಿಷವೇನೂ ಇರಲಿಲ್ಲ. ವಿಷದ ಬದಲಿಗೆ ವಿಕಿರಣವಿಲ್ಲದ ಸೀಸಿಯಂ ಉಪ್ಪನ್ನು ಸಿಮೆಂಟಿಗೆ ಬೆರೆಸಿ, ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಆರು ಕ್ಯೂಬು ಮಾಡಿ, ಒಂದೊಂದನ್ನೂ ಒಂದೊಂದು ಡಬ್ಬಿಯ ನೀರಿನಲ್ಲಿ ಮುಳುಗಿಸಿದ್ದಳು. ಗೊತ್ತು ಮಾಡಿದ ದಿನ ನೀರು ಬದಲಾಯಿಸಬೇಕು, ಹಳೆಯ ನೀರಿಗೆ ಎಷ್ಟು ಉಪ್ಪು ಸೋರಿದೆ ಎಂದು ಪರೀಕ್ಷೆಗೆ ಕಳಿಸಬೇಕು. ಹೀಗೆ ತೊಂಬತ್ತು ದಿನ. ಸೋರಿಕೆ ಕಡಿಮೆಯಾಗುವ ಬದಲು ಇವು ತೂತು ಮಡಕೆಯ ಹಾಗೆ ಸೋರುತ್ತಲೇ ಇದ್ದವು. ಅವಳು ಊಟ ನಿದ್ದೆ ಬಿಟ್ಟದ್ದೊಂದೇ ಲಾಭ.

ಅಷ್ಟರಲ್ಲಿ ದಸರಾ ರಜೆಗೆ ಲ್ಯಾಬಿಗೆ ಬೀಗ ಬಿತ್ತು. ಒಂದು ದಿನ ತಪ್ಪಿದರೂ ಎಲ್ಲವೂ ನೀರಿನಲ್ಲಿ ಮಾಡಿದ ಹೋಮವೇ. ಗೈಡ್ ಓಂಕಾರೇಶ್ ಸರ್ ಒಪ್ಪಿಗೆ ಕೊಟ್ಟರು. ಆರೂ ಡಬ್ಬಿಗಳನ್ನು ಅವಳು ಮನೆಗೆ ತಂದಳು.

ಮನೆಯಲ್ಲಿ ಅಪ್ಪ ಉಗ್ರಪ್ಪ ಇದ್ದ. ಬುಕ್ಕಾಂಬುಧಿಯಿಂದ ಚೌಳಹಿರಿಯೂರಿನ ತನಕ ಹೆಸರು ಮಾಡಿದ ಗಾರೆ ಮೇಸ್ತ್ರಿ. ಯುಗಾದಿ ಕಳೆದ ವಾರ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಬಲಗೈ ಮುರಿದುಕೊಂಡಿದ್ದ. ಮೂಳೆ ಕೂಡಿತು, ಹಿಡಿತ ಕೂಡಲಿಲ್ಲ. ಊಟದ ತಟ್ಟೆ ಹಿಡಿದರೂ ಕೈ ನಡುಗುತ್ತಿತ್ತು. ಅಂದಿನಿಂದ ಜಗಲಿಯ ಮೇಲೆ ಕೂತು, ಬೇರೆಯವರು ಕಟ್ಟಿದ ಗೋಡೆಗಳನ್ನು ಬೈಯುವುದೇ ಅವನ ಉದ್ಯೋಗವಾಗಿತ್ತು.

ಆಯುಧಪೂಜೆಯ ದಿನಕ್ಕೆ ಕ್ಯೂಬು ಮುಳುಗಿಸಿ ಇಪ್ಪತ್ತೆಂಟು ದಿನ; ಅಂದು ನೀರು ಬದಲಾಯಿಸಬೇಕಿತ್ತು. ಅದಕ್ಕೆ ಬಾವಿ ನೀರು, ನಲ್ಲಿ ನೀರು ಆಗದು. ಬ್ಯಾಟರಿಗೆ ಹಾಕುವಂಥ ಶುದ್ಧ ನೀರೇ ಆಗಬೇಕು. ಅಜ್ಜಂಪುರದ ಅಂಗಡಿ ಮುಚ್ಚಿತ್ತು. ತ್ರಿವೇಣಿ ಬೆಳಿಗ್ಗೆಯೇ ತರೀಕೆರೆಗೆ ಹೋಗಿ, ಬ್ಯಾಟರಿ ಅಂಗಡಿಯವನ ಪೂಜೆ ಮುಗಿಯುವ ತನಕ ಕಾದು, ಎರಡು ಕ್ಯಾನು ಹೊತ್ತು ಬರುವಷ್ಟರಲ್ಲಿ ಸಂಜೆಯಾಗಿತ್ತು. ನಡುಮನೆಯಲ್ಲಿ ಅಪ್ಪನ ಗಾರೆ ಬಳಿಯುವ ಕರಣೆ, ತೂಗುಗುಂಡು, ಮಟ್ಟಗೋಲು ಎಲ್ಲ ತೊಳೆದು ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದವು. ಅವುಗಳ ಪಕ್ಕದಲ್ಲಿ ಅವಳ ಆರು ಡಬ್ಬಿ, ಮುಚ್ಚಳದ ಮೇಲೆ ಒಂದೊಂದು ಸೇವಂತಿಗೆ.

"ನಿನ್ನ ಆಯುಧಾನೂ ಇಟ್ಟೀನಿ ಕಣವ್ವ," ಎಂದ ಉಗ್ರಪ್ಪ.

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. ಕ್ಯೂಬು ಮುಟ್ಟದೆ ಪೈಪಿನಿಂದ ಹಳೆಯ ನೀರೆಳೆದು ಹೊಸದು ತುಂಬಿದಳು. ಆ ಮಬ್ಬಿನಲ್ಲಿ ಒಳಗೆ ಸರಿಯಾಗಿ ನೋಡಲಿಲ್ಲ; ಆಮೇಲಿನ ಸಲಗಳಲ್ಲೂ ಸಿಮೆಂಟಿನ ಬೂದು ಬಣ್ಣವಷ್ಟೇ ಕಂಡಿತು. ನೋಡಬೇಕಿತ್ತು.

ನವೆಂಬರಿನಲ್ಲಿ ಪರೀಕ್ಷೆಯ ವರದಿ ಬಂತು. ಆಯುಧಪೂಜೆಯ ನಂತರ ಸೋರಿಕೆ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಓಂಕಾರೇಶ್ ಸರ್ ಕುರ್ಚಿಯಿಂದ ಎದ್ದೇ ನಿಂತರು. "ತ್ರಿವೇಣಿ, ಇಂಥವೇ ಇನ್ನೂ ಹನ್ನೆರಡು ಮಾಡಮ್ಮ. ಈ ಸಲ ಸ್ಥಾವರದವರು ನಿಜವಾದ ಕಸಾನೇ ತುಂಬಿ ನೋಡ್ತಾರಂತೆ!"

ಆ ಸಂಜೆ ಅವ್ವ ತಿಪ್ಪಮ್ಮ ಪಾಯಸ ಮಾಡಿದಳು. ಉಗ್ರಪ್ಪ ಮೀಸೆಯಲ್ಲೇ ನಕ್ಕ.

"ಪಾಸಾಗ್ದೆ ಏನ್ಮಾಡ್ತವೆ? ಮೈತುಂಬಾ ಸಣ್ಣಸಣ್ಣ ತೂತಿದ್ವು. ಪೂಜೆಗಿಡೋ ಸಾಮಾನು ಹಂಗಿದ್ರೆ ಮೇಸ್ತ್ರಿ ಮಗಳ ಕೆಲ್ಸ ಅಂತಾರಾ? ನೀನು ತರೀಕೆರೆಗೆ ಹೋದೇಟ್ಗೆ, ಬರೀ ಸಿಮೆಂಟು ಗಂಜಿ ಹಂಗೆ ಕಲಸಿ ಆರಕ್ಕೂ ಒಂದು ಕೈ ಬಳ್ದೆ. ಸಂಜೆಗೆ ಬಿಗಿಯಾದ್ವು, ನೀರಿಗೆ ಬಿಟ್ಟೆ. ಹೇಳಿದ್ರೆ ಬೈತೀಯ ಅಂತ ಸುಮ್ಕಿದ್ದೆ." ಆಮೇಲೆ ಬಲಗೈ ಎತ್ತಿ ಹೆಂಡತಿಗೆ ತೋರಿಸಿದ. "ಬಿದ್ದ ಮ್ಯಾಲೆ ಮೊದ್ಲನೇ ಸಲ ಕರಣೆ ಹಿಡ್ದಿದ್ದು. ನಡುಗ್ಲಿಲ್ಲ ಕಣೇ ತಿಪ್ಪಿ."

ತ್ರಿವೇಣಿ ಪಾಯಸದ ಲೋಟ ಕೆಳಗಿಟ್ಟಳು. ಉಪ್ಪನ್ನು ತಡೆದದ್ದು ಅವಳ ಎರಡು ವರ್ಷದ ಮಿಶ್ರಣವಲ್ಲ, ಅಪ್ಪ ಬಳಿದ ಉಗುರಿನಷ್ಟು ದಪ್ಪದ ಪದರ. ಅದು ಇಂದಲ್ಲ ನಾಳೆ ಸಿಪ್ಪೆಯ ಹಾಗೆ ಕಿತ್ತೇಳುತ್ತದೆ. ವಿಷವಾದರೋ ನೂರಾರು ವರ್ಷ ಒಳಗೇ ಇರಬೇಕು. ಹೊಸದಾಗಿ ಮಾಡೋಣವೆಂದರೆ ಸಮಿತಿಗೆ ಉಳಿದದ್ದು ಮೂರೇ ವಾರ.

ಮರುದಿನ ಗೈಡಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಹೊಸ ಅಂಕಿ ಸೇರಿಸಿ ಪ್ರಬಂಧ ನಿನ್ನೆ ರಾತ್ರೀನೇ ಕಳಿಸಿ ಆಯ್ತಲ್ಲಮ್ಮ. ಅದರಲ್ಲಿ ನನ್ನ ಹೆಸರೂ ಇದೆ. ಮನೆಗೆ ತಗೊಂಡ್ ಹೋಗು ಅಂದಿದ್ದೂ ನಾನೇ. ಅವರು ಕೇಳಿದ್ರೆ ತಾನೇ ಹೇಳಬೇಕು?" ಕೆಟ್ಟವರಲ್ಲ, ಹೆದರಿದವರು. ಅವರೂ ಅದೇ ಅಡಕತ್ತರಿಯಲ್ಲಿ ಸಿಕ್ಕಿದ್ದರು.

ಮನೆಯಲ್ಲಿ ಇನ್ನೊಂದು ಕಡೆಯಿಂದ ಬಿಗಿಯುತ್ತಿತ್ತು. ಉಗ್ರಪ್ಪ ಜಗಲಿ ಬಿಟ್ಟು ಎದ್ದಿದ್ದ. ಹಿತ್ತಿಲ ಗೋಡೆಗೆ ಗಾರೆ ಮಾಡಿದ, ಪಕ್ಕದ ಬೀರಯ್ಯನ ಮನೆಯ ಮೆಟ್ಟಿಲು ಒಪ್ಪಿಕೊಂಡ. ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ: "ಆ ಹನ್ನೆರಡು ಯಾವತ್ತು ತತ್ತೀಯವ್ವ?" ನಿನ್ನ ಕೈಯೇ ನನ್ನ ಕೆಲಸ ಕೆಡಿಸಿತು ಎಂದು ಆ ಮುಖಕ್ಕೆ ಹೇಗೆ ಹೇಳುವುದು? ಅವಳಿಗೆ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿಗೆ ನಾಚಿಕೆಯೂ ಆಗುತ್ತಿತ್ತು.

ಸಮಿತಿಯ ದಿನ ಕಾಲೇಜಿನ ಕಂಪ್ಯೂಟರ್ ಪರದೆಯ ಮೇಲೆ ನಾಲ್ಕು ಮುಖಗಳಿದ್ದವು, ಪಕ್ಕದಲ್ಲಿ ಓಂಕಾರೇಶ್ ಸರ್. ಯಾರಾದರೂ ಕೇಳಲಿ, ಆಗ ಹೇಳಿಬಿಡುತ್ತೇನೆ ಎಂದುಕೊಂಡು ಕೂತಳು. ಪುಣ್ಯಾತ್ಮರು ಒಬ್ಬರೂ ಕೇಳಲಿಲ್ಲ. "ಬಹಳ ಒಳ್ಳೆಯ ಫಲಿತಾಂಶ. ನಮ್ಮ ಪ್ರಶ್ನೆಗಳೇನೂ ಇಲ್ಲ," ಎಂದು ಹಿರಿಯ ಸದಸ್ಯೆ ಕಾಗದ ಮಡಚಿದರು.

"ಮೇಡಂ, ಒಂದು ನಿಮಿಷ," ಎಂದಳು ತ್ರಿವೇಣಿ. "ಇಪ್ಪತ್ತೆಂಟನೇ ದಿನದ ತನಕದ ಅಂಕಿಗಳು ಮಾತ್ರ ನನ್ನವು. ಆ ದಿನ ಮನೆಯಲ್ಲಿ ನಮ್ಮ ತಂದೆ ಕ್ಯೂಬುಗಳಿಗೆ ಸಿಮೆಂಟು ಬಳಿದರು. ನನಗೆ ಗೊತ್ತಿರಲಿಲ್ಲ. ನನ್ನ ಮಿಶ್ರಣ ಸೋರುತ್ತದೆ." ಓಂಕಾರೇಶ್ ಸರ್ ಮೇಜನ್ನೇ ನೋಡುತ್ತಿದ್ದರು.

ಅರ್ಧ ಗಂಟೆ ಹೊರಗೆ ಕೂರಿಸಿ ಒಳಗೆ ಕರೆದರು. ಪ್ರಬಂಧ ಹಿಂದಕ್ಕೆ ಪಡೆಯಬೇಕು, ಫೆಲೋಶಿಪ್ ಮುಂದುವರಿಯುವುದಿಲ್ಲ. ಪ್ರಾಮಾಣಿಕತೆಯನ್ನು ಮೆಚ್ಚಿದೆವು ಎಂದೂ ಹೇಳಿದರು. ಅದನ್ನು ಕಟ್ಟಿಕೊಂಡು ಅವಳು ಬಸ್ಸು ಹತ್ತಿದಳು.

ಉಗ್ರಪ್ಪ ಬೀರಯ್ಯನ ಮೆಟ್ಟಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಗಾರೆ ನುಣುಪು ಮಾಡುತ್ತಿದ್ದ. "ಏನಂದ್ರವ್ವ?"

"ಮುಂದುವರ್ಸಲ್ಲ ಅಂದ್ರಪ್ಪ."

"ಯಾಕೆ?"

ಹೇಳಬೇಕೆಂದೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಮೊಣಕೈ ತನಕ ಸಿಮೆಂಟು ಮೆತ್ತಿದ, ಒಂದಿಷ್ಟೂ ನಡುಗದ ಆ ಕೈ ಕಂಡಿತು. ಪರದೆಯ ಮುಂದೆ ಇದ್ದ ಧೈರ್ಯ ಇಲ್ಲಿ ಬರಲಿಲ್ಲ.

"ಕ್ಯೂಬು ಸೋರ್ತವಂತೆ ಕಣಪ್ಪ," ಎಂದಳು.

ಉಗ್ರಪ್ಪ ಕರಣೆ ಕೆಳಗಿಟ್ಟ. ತನ್ನ ಬಲಗೈ ನೋಡಿಕೊಂಡ.

"ತಪ್ಪು ನಂದು ಕಣವ್ವ," ಎಂದ. ಗೊತ್ತಾಗಿಬಿಟ್ಟಿತೇ ಎಂದುಕೊಂಡಳು. "ಒಂದೇ ಕೈ ಬಳ್ದುಬಿಟ್ಟೆ. ಇನ್ನೊಂದು ಕೈ ಬಳೀಬೇಕಾಗಿತ್ತು."