ಮನೋಲನ ಕತ್ತಿನ ನರ

ಗೋರ್ನಾ ಲಿವಾದಾದಲ್ಲಿ ಮನೋಲ್ ಕುಡುಕನೆಂಬುದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಊರಿನ ಭಟ್ಟಿ ಅವನ ಕೈಯಲ್ಲಿತ್ತು. ಸೆಪ್ಟೆಂಬರಿನಿಂದ ಹಿಮ ಬೀಳುವವರೆಗೆ ಮನೆಮನೆಯವರೂ ಹುಳಿ ಬಂದ ಪ್ಲಮ್ ಹಣ್ಣಿನ ಪೀಪಾಯಿಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಹೊಳೆಯ ಪಕ್ಕದ ಕಲ್ಲಿನ ಕೊಟ್ಟಿಗೆಗೆ ಬರುತ್ತಿದ್ದರು. ಮನೋಲ್ ತಾಮ್ರದ ಹಂಡೆಗೆ ಬೆಂಕಿ ಹಾಕಿ ಅದನ್ನು ರಾಕಿಯಾ ಸಾರಾಯಿ ಮಾಡಿ ಕೊಡುತ್ತಿದ್ದ. ಅಂಥವನ ಹೊಟ್ಟೆ ಬಾತುಕೊಂಡು, ಕಾಲು ಊದಿ, ಹತ್ತು ಹೆಜ್ಜೆ ಏರು ಹತ್ತಿದರೆ ಏದುಸಿರು ಬರತೊಡಗಿದಾಗ ಜನ ಇನ್ನೇನು ತಿಳಿದಾರು? ಪಟ್ಟಣದ ಡಾಕ್ಟರೊಬ್ಬರು ಅವನ ಹೊಟ್ಟೆ ಒತ್ತಿ ನೋಡಿ, ಲಿವರ್ ಹೋಗಿದೆ, ಕುಡಿತ ಬಿಡು ಎಂದು ಹೇಳಿ ಕಳಿಸಿದ್ದರು.

ಅವನ ಹೆಂಡತಿ ರುಶಾ ಆ ಮಾತನ್ನು ಕೇಳಿದ ವಾರವೇ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಅಸೆನೋವ್‌ಗ್ರಾದ್‌ನಲ್ಲಿದ್ದ ಚಿಕ್ಕಮ್ಮನ ಮನೆಗೆ ಹೊರಟುಹೋದಳು. ಅವಳ ಅಪ್ಪ ಕುಡಿದು ಕುಡಿದೇ ಸತ್ತವನು. ಸಾಯುವ ಮೊದಲು ಮನೆಯಲ್ಲಿ ಯಾರನ್ನೂ ಹೊಡೆಯದೆ ಬಿಟ್ಟಿರಲಿಲ್ಲ.

ನಾನು ಆ ಊರಿಗೆ ಫೆಲ್ಡ್‌ಶರ್ ಆಗಿ ಬಂದದ್ದು ಅದಾದ ಮರುವರ್ಷ, ಐವತ್ತೊಂಬತ್ತರಲ್ಲಿ. ಡಾಕ್ಟರೂ ಅಲ್ಲದ, ಬರೀ ನರ್ಸೂ ಅಲ್ಲದ ಕೆಲಸ ನಮ್ಮದು. ಡಾಕ್ಟರಿಲ್ಲದ ಬೆಟ್ಟದ ಊರುಗಳಲ್ಲಿ ಹೆರಿಗೆಯಿಂದ ಹಿಡಿದು ಹಲ್ಲು ಕೀಳುವವರೆಗೆ ಎಲ್ಲ ನಾವೇ. ನನಗಾಗ ಇಪ್ಪತ್ತಾರು, ಒಂಟಿ ಹೆಣ್ಣು.

ಮನೋಲ್ ಎರಡು ತಿಂಗಳಿಗೊಮ್ಮೆ ನನ್ನ ದವಾಖಾನೆಗೆ ಬರುತ್ತಿದ್ದ. ಹೊಟ್ಟೆಗೆ ಸೂಜಿ ಚುಚ್ಚಿ, ರಬ್ಬರ್ ಕೊಳವೆಯಿಂದ ನೀರು ಇಳಿಸಬೇಕಿತ್ತು. ಬಕೆಟ್ಟು ತುಂಬಲು ನಲವತ್ತು ನಿಮಿಷ ಬೇಕು. ಅಷ್ಟು ಹೊತ್ತೂ ಅವನು ಕಿಟಕಿಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ನಾನು ಸ್ಟೂಲಿನ ಮೇಲೆ ಕೂತಿರುತ್ತಿದ್ದೆ.

ಮೊದಲ ಸಲ ನಾನೂ ಎಲ್ಲರ ಹಾಗೆಯೇ ಕೇಳಿದೆ. "ದಿನಕ್ಕೆ ಎಷ್ಟು ಕುಡೀತೀಯಾ?"

"ಕುಡಿಯಲ್ಲ."

"ಎಲ್ರೂ ಹಂಗೇ ಹೇಳೋದು."

"ಮತ್ಯಾಕೆ ಕೇಳ್ತೀರಾ?" ಎಂದ, ಸಿಟ್ಟಿಲ್ಲದೆ.

ಆಮೇಲೆ ಅವನು ಬಂದಾಗಲೆಲ್ಲ, ನಾಡಿ ನೋಡುವ ನೆಪದಲ್ಲಿ ಬಗ್ಗಿ ಅವನ ಉಸಿರಿನ ವಾಸನೆ ಹಿಡಿಯುತ್ತಿದ್ದೆ. ಒಂದು ಸಲ ಈರುಳ್ಳಿ, ಇನ್ನೊಂದು ಸಲ ಪುದೀನಾ ಚಹಾ. ರಾಕಿಯಾ ಎಂದೂ ಇಲ್ಲ. ಎರಡನೆಯ ವರ್ಷದ ಹೊತ್ತಿಗೆ ಅವನ ಮಾತನ್ನು ನಂಬಿದ್ದೆ. ನಂಬಬೇಕೆಂಬ ಆಸೆಯೂ ಇತ್ತೆಂದು ಒಪ್ಪಿಕೊಳ್ಳಬೇಕು. ಅಷ್ಟರಲ್ಲಿ ಆ ನಲವತ್ತು ನಿಮಿಷಕ್ಕಾಗಿ ಎರಡು ತಿಂಗಳು ಕಾಯುವುದು ನನಗೆ ರೂಢಿಯಾಗಿಬಿಟ್ಟಿತ್ತು. ಅವನು ಬರುವ ದಿನ ಬಿಳಿ ಕೋಟನ್ನು ಇಸ್ತ್ರಿ ಮಾಡಿಕೊಳ್ಳುತ್ತಿದ್ದೆ. ಅವನು ಮಾತಾಡುತ್ತಿದ್ದುದೆಲ್ಲ ರುಶಾಳ ಬಗ್ಗೆ. ರುಶಾ ರೊಟ್ಟಿ ಸುಡುವಾಗ ಗುನುಗುವುದು, ರುಶಾ ಕೋಪ ಬಂದರೆ ಪೊರಕೆ ಹಿಡಿದು ಅಂಗಳ ಗುಡಿಸುವುದು. ನಾನು ಕೇಳಿಸಿಕೊಳ್ಳುತ್ತಿದ್ದೆ. ಅವನ ದನಿ ಕೇಳುವುದಕ್ಕೆ ಬೇರೆ ದಾರಿ ಇರಲಿಲ್ಲ.

ಅರವತ್ತಮೂರರ ಅಕ್ಟೋಬರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಗಿನಾ ಅಜ್ಜಿಯ ಜೊತೆ ಅವಳ ಪ್ಲಮ್ ಪೀಪಾಯಿ ತೆಗೆದುಕೊಂಡು ಭಟ್ಟಿಗೆ ಹೋದೆ. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ನೇರವಾಗಿ ಒಳಗೆ ಬೀಳುತ್ತಿತ್ತು. ಕೊಳವೆಯಿಂದ ಮೊದಲ ಹನಿಗಳು ಬರುವಾಗ ಮನೋಲ್ ಬಗ್ಗಿ ಮೂಸಿ ನೋಡುತ್ತಿದ್ದ. ಯಾವುದನ್ನು ಚೆಲ್ಲಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಅವನು ನಾಲಿಗೆಗೆ ಮುಟ್ಟಿಸದೆಯೇ ಹೇಳಬಲ್ಲವನಾಗಿದ್ದ. ಅಂಗಿಯ ಗುಂಡಿ ಬಿಚ್ಚಿತ್ತು. ಅವನು ದೀರ್ಘವಾಗಿ ಉಸಿರೆಳೆದುಕೊಂಡಾಗ ಬಲಗಡೆ ಕತ್ತಿನ ನರ ಉಬ್ಬಿ ಕಿವಿಯ ಬುಡದವರೆಗೆ ಏರಿತು. ಉಸಿರು ಬಿಟ್ಟಾಗ ಇಳಿಯಿತು.

ನಾನು ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟೆ. ನರದ ಆ ಏರಿಳಿತ ತಲೆಕೆಳಗಾಗಿತ್ತು. ನಾವು ಉಸಿರೆಳೆದುಕೊಂಡಾಗ ಎದೆ ಹಿಗ್ಗಿ ರಕ್ತವನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಕತ್ತಿನ ನರ ಕುಸಿಯಬೇಕು. ಏರಬಾರದು.

"ಮನೋಲ್, ಇನ್ನೊಂದ್ಸಲ ಉಸಿರೆಳಿ."

"ಯಾಕೆ, ನನ್ನ ಮೂಗಿನ ಮೇಲೂ ಅನುಮಾನಾನಾ?"

"ಮಾತಾಡ್ಬೇಡ. ಎಳಿ."

ಮತ್ತೆ ಏರಿತು. ನಾನು ಹತ್ತಿರ ಹೋಗಿ ಕತ್ತನ್ನು ಬೆಳಕಿಗೆ ತಿರುಗಿಸಿದೆ. ಹಿಂದಿನಿಂದ ಗಿನಾ ಅಜ್ಜಿ, "ಗಂಡಸರ ಕತ್ತು ನೋಡೋದೂ ವೈದ್ಯವೇನೇ ವೆನೆತಾ? ಹಂಗಾದ್ರೆ ನಾನೂ ನಿನ್ನ ವಯಸ್ಸಲ್ಲಿ ದೊಡ್ಡ ಡಾಕ್ಟ್ರೇ ಆಗಿದ್ದೆ!" ಎಂದಳು. ಸರದಿಗಾಗಿ ಕಾಯುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಆ ವಾರ ಊರಿನವರ ಕತ್ತುಗಳನ್ನೆಲ್ಲ ನೋಡಿದೆ. ಗಿನಾ ಅಜ್ಜಿಯನ್ನು ಮಲಗಿಸಿ ನೋಡಿದೆ. ಪಾದ್ರಿಯ ಗಡ್ಡ ಎತ್ತಿಸಿ ನೋಡಿದೆ. ಹೃದಯದ ಕಾಯಿಲೆಯ ಅಂಚೆಯಣ್ಣನನ್ನೂ ಬಿಡಲಿಲ್ಲ. ಉಸಿರೆಳೆದಾಗ ಎಲ್ಲರ ನರವೂ ಇಳಿಯಿತು. ಪ್ಲೋವ್‌ದಿವ್‌ನಲ್ಲಿ ಓದುವಾಗ ಬರೆದುಕೊಂಡಿದ್ದ ಪುಸ್ತಕ ತೆಗೆದೆ. ಒಂದು ಸಾಲಿತ್ತು: ಹೃದಯದ ಸುತ್ತಲಿನ ಚೀಲ ಗಟ್ಟಿಯಾಗಿ ಬಿಗಿದುಕೊಂಡಿದ್ದರೆ ಇದು ತಿರುಗುಮುರುಗಾಗಬಹುದು. ನಮಗೆ ಪಾಠ ಹೇಳಿದ್ದ ಡಾಕ್ಟರ್ ಪಾನಾಯೋತೋವಾ ಅವರಿಗೆ ಬರೆದೆ. ಉತ್ತರ ಬಂತು: "ಕೂಡಲೇ ಕರೆದುಕೊಂಡು ಬಾ."

ಎಕ್ಸ್‌ರೇಯಲ್ಲಿ ಅವನ ಹೃದಯದ ಸುತ್ತ ಮೊಟ್ಟೆಯ ಚಿಪ್ಪಿನಂಥ ಬಿಳಿ ಗೆರೆ ಕಂಡಿತು.

"ಚಿಕ್ಕೋನಿದ್ದಾಗ ಎದೆ ಕಾಯಿಲೆ ಏನಾದ್ರೂ ಆಗಿತ್ತೇನಪ್ಪ?" ಎಂದು ಡಾಕ್ಟರಮ್ಮ ಕೇಳಿದರು.

"ಒಂಬತ್ತು ವರ್ಷಕ್ಕೆ. ಒಂದು ಚಳಿಗಾಲ ಪೂರ್ತಿ ಮಲಗಿದ್ದೆ. ಕ್ಷಯ ಅಂದಿದ್ರು."

"ಅದೇ ಇದು. ವಾಸಿಯಾಗ್ತಾ ಆಗ್ತಾ ಕಲ್ಲಾಗಿದೆ. ಒಳಗೆ ಹೃದಯಕ್ಕೆ ಹಿಗ್ಗೋಕೆ ಜಾಗ ಇಲ್ಲ. ಬರೋ ರಕ್ತ ಬಾಗ್ಲಲ್ಲೇ ನಿಂತು ಲಿವರು, ಹೊಟ್ಟೆ, ಕಾಲು, ಎಲ್ಲಾನೂ ಊದಿಸ್ತಿದೆ. ಸೋಫಿಯಾದಲ್ಲಿ ಎದೆ ತೆರೆದು ಆ ಚಿಪ್ಪು ಬಿಡಿಸ್ತಾರೆ. ಅಪಾಯ ಇದೆ. ಬಿಟ್ರೆ ಇನ್ನೂ ಅಪಾಯ."

ಬದುಕುತ್ತೇನೋ ಇಲ್ಲವೋ ಎಂದು ಅವನು ಕೇಳಲಿಲ್ಲ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ, "ಕುಡಿತದಿಂದ ಆಗಿದ್ದಲ್ಲ ಅಂತ ಒಂದು ಚೀಟಿ ಬರೆದು ಕೊಡ್ತೀರಾ ತಾಯಿ?" ಎಂದ.

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಕಿಟಕಿಯ ಕಡೆ ತಿರುಗಿದೆ.

ಸೋಫಿಯಾಕ್ಕೆ ಅವನ ಜೊತೆ ಹೋಗಲು ಬೇರೆ ಯಾರೂ ಇಲ್ಲದ್ದರಿಂದ ನಾನೇ ಹೋದೆ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಆಸ್ಪತ್ರೆಯ ತೋಟದಲ್ಲಿ, ಎಲೆ ಉದುರಿದ ಚೆಸ್ಟ್‌ನಟ್ ಮರದ ಕೆಳಗಿನ ಬೆಂಚಿನಲ್ಲಿ ಕೂತಿದ್ದೆವು. ನಮ್ಮ ನಡುವೆ ಯಾವ ಬಕೆಟ್ಟೂ ಸೂಜಿಯೂ ಇಲ್ಲದೆ ನಾವಿಬ್ಬರೇ ಕೂತ ಮೊದಲ ಸಲ ಅದು. ಅವನು ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ನನ್ನ ಕೈಗಿಟ್ಟ.

"ರುಶಾಗೆ ನೀವೇ ಬರೀರಿ. ಚೀಟೀನೂ ಜೊತೇಲಿಡಿ. ನಾನು ಬರೆದ್ರೆ ಹರಿದು ಹಾಕ್ತಾಳೆ. ನಿಮ್ಮ ಮಾತು ನಂಬ್ತಾಳೆ."

"ಬರೀತೀನಿ."

"ನಾನು ಹೋಗ್ಬಿಟ್ರೂ ಬರೀರಿ. ಮಗೂಗೆ ಗೊತ್ತಾಗ್ಲಿ."

ಶಸ್ತ್ರಚಿಕಿತ್ಸೆ ಐದು ಗಂಟೆ ನಡೆಯಿತು. ನಾನು ಕಾರಿಡಾರಿನಲ್ಲಿ ಕೂತು ಬರೆದೆ. ಬರೆದು ಹರಿದೆ, ಮತ್ತೆ ಬರೆದೆ. ಸರ್ಜನ್ ಹೊರಬಂದು, ಚಿಪ್ಪು ಚೂರು ಚೂರಾಗಿ ಬಂತು, ಬಿಡಿಸಿದ ಕೂಡಲೇ ಹೃದಯ ಕೈಯಲ್ಲೇ ಕುಣಿಯಿತು ಎಂದು ಹೇಳಿದಾಗ ನನ್ನ ಕಾಗದ ಮುಗಿದಿತ್ತು. ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೆ. ಅಂಚೆಪೆಟ್ಟಿಗೆ ಆಸ್ಪತ್ರೆಯ ಗೇಟಿನಲ್ಲೇ ಇತ್ತು. ಮೂರು ದಿನ ಅದರ ಮುಂದೆ ಓಡಾಡಿದೆ, ಹಾಕಲಿಲ್ಲ. ಮೂರು ದಿನ ಅವನಿಗೆ ಚಮಚದಲ್ಲಿ ಸೂಪು ಕುಡಿಸಿದವಳು ನಾನು. ಪಕ್ಕದ ಮಂಚದ ಮುದುಕ ನನ್ನನ್ನು ಅವನ ಹೆಂಡತಿ ಎಂದುಕೊಂಡಿದ್ದ, ನಾನು ತಿದ್ದಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮನೋಲ್ ಕೇಳಿದ: "ಕಾಗದ ಹಾಕಿದ್ರಾ?"

"ಹಾಕ್ದೆ," ಎಂದೆ. ಹೊರಗೆ ಹೋಗಿ ಹಾಕಿದೆ.

ಅವನು ಜನವರಿಯಲ್ಲಿ ಊರಿಗೆ ಮರಳಿದ. ಬೆಲ್ಟಿಗೆ ಹೊಸ ತೂತುಗಳನ್ನು ಕೊರೆಯಬೇಕಾಯಿತು. ಇನ್ನು ನೀರು ಇಳಿಸುವ ಅಗತ್ಯವಿರಲಿಲ್ಲವಾದ್ದರಿಂದ ದವಾಖಾನೆಗೆ ಬರಲಿಲ್ಲ. ಕೆಲವೊಮ್ಮೆ ಆ ಸ್ಟೂಲಿನ ಮೇಲೆ ಸುಮ್ಮನೆ ಕೂತಿರುತ್ತಿದ್ದೆ.

ಮಾರ್ಚಿನಲ್ಲಿ ರುಶಾ ಬಂದಳು, ಒಂಬತ್ತು ತುಂಬಿದ ಮಗಳ ಜೊತೆ. ಅವಳು ಬಸ್ಸಿನಿಂದ ಇಳಿದದ್ದನ್ನು ನಾನು ನೋಡಲಿಲ್ಲ. ಊರೆಲ್ಲ ನೋಡಿ ಬಂದು ಹೇಳಿತು. ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅವಳೇ ದವಾಖಾನೆಗೆ ಬಂದು, ಬಟ್ಟೆಯಲ್ಲಿ ಸುತ್ತಿದ ಬಿಸಿ ಬಾನಿತ್ಸಾ ರೊಟ್ಟಿಯನ್ನು ಮೇಜಿನ ಮೇಲಿಟ್ಟಳು. ಒಳಗಿನ ಚೀಸಿನ ಪರಿಮಳ ಕೋಣೆ ತುಂಬಿತು.

"ಮಗೂಗೆ ಹುಷಾರಿಲ್ವಾ?"

"ಚೆನ್ನಾಗಿದಾಳೆ. ನಿನ್ನ ನೋಡೋಕೆ ಬಂದೆ." ಅವಳು ಕೂತುಕೊಂಡಳು. "ನಿನ್ನ ಕಾಗದ ಆರು ಸಲ ಓದಿದೀನಿ. ಅವನು ಕುಡೀತಿರ್ಲಿಲ್ಲ ಅಂತ ಹೇಳೋಕೆ ಒಂದು ಸಾಲು ಸಾಕಿತ್ತು. ಚೀಟೀನೂ ಇತ್ತು. ನೀನು ನಾಲ್ಕು ಪುಟ ಬರೆದಿದ್ದೆ. ನೀರು ಇಳಿಸೋವಾಗ ಅವನು ಯಾವ ಕಡೆ ಮುಖ ಮಾಡ್ಕೊಂಡು ಮಲಗ್ತಾನೆ ಅಂತಾನೂ ಬರೆದಿದ್ದೆ."

ನಾನು ಬಾನಿತ್ಸಾದ ಬಟ್ಟೆ ಬಿಚ್ಚಿ, ಮತ್ತೆ ಮುಚ್ಚಿ, "ಅವನಿಗೆ ಗೊತ್ತಾ?" ಎಂದೆ.

"ಅವನಿಗಾ? ಗಂಡಸಿಗೆ ಏನ್ ಗೊತ್ತಾಗುತ್ತೆ, ಮಾರಾಯ್ತಿ!"

ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳ ಕಣ್ಣು ತುಂಬಿತು. "ಐದು ವರ್ಷದ ಹಿಂದೆ ಹೋಗೋವಾಗ ಒಂದ್ಸಲ ಅವನ ಬಾಯಿ ಮೂಸಿ ನೋಡಿದ್ರೆ ಆಗಿರೋದು. ನೋಡ್ಲಿಲ್ಲ. ನಮ್ಮಪ್ಪನ್ನ ನೋಡಿದ್ದೇ ಸಾಕಾಗಿತ್ತು ನಂಗೆ."

"ನಾನು ವರ್ಗಕ್ಕೆ ಬರೆದಿದೀನಿ," ಎಂದೆ.

ಅವಳು ಸೆರಗಂಚಿನಂತೆ ಇಳಿಬಿದ್ದಿದ್ದ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡು ಎದ್ದಳು. "ಹೋಗು. ಇರು ಅಂತ ನಾನು ಹೇಳಲ್ಲ. ಅಷ್ಟು ಒಳ್ಳೆಯವಳಲ್ಲ ನಾನು." ಬಾಗಿಲಲ್ಲಿ ನಿಂತು, "ಬಿಸಿ ಇರೋವಾಗ್ಲೇ ತಿನ್ನು," ಎಂದಳು.

ಜೂನಿನಲ್ಲಿ ನನಗೆ ದಾನ್ಯೂಬ್ ದಂಡೆಯ ಊರೊಂದಕ್ಕೆ ವರ್ಗವಾಯಿತು. ಎಲ್ಲಿ ನೋಡಿದರೂ ಸಮತಟ್ಟು, ಜೋಳದ ಹೊಲ. ಅಲ್ಲೇ ಇಪ್ಪತ್ತೇಳು ವರ್ಷ ಕೆಲಸ ಮಾಡಿದೆ. ಶಾಲೆಯ ಮೇಷ್ಟರೊಬ್ಬರು ಮದುವೆಯಾಗುತ್ತೀರಾ ಎಂದು ಕೇಳಿದರು; ಒಳ್ಳೆಯ ಮನುಷ್ಯ. ಆಗಲಿಲ್ಲ.

ಪ್ರತಿ ಹೊಸ ವರ್ಷಕ್ಕೆ ಬೆಟ್ಟದಿಂದ ಒಂದು ಕಾರ್ಡು ಬರುತ್ತದೆ. ಅಕ್ಷರ ರುಶಾಳದು. ಮಗಳ ಮದುವೆಯಾದ ವರ್ಷವೂ ಮೊಮ್ಮಗು ಹುಟ್ಟಿದ ವರ್ಷವೂ ಅವಳು ಆ ಸುದ್ದಿ ಬರೆಯಲಿಲ್ಲ. ಅದನ್ನೆಲ್ಲ ನಾನು ಬೇರೆಯವರಿಂದ ತಿಳಿದೆ. ಅವಳು ಬರೆಯುವುದು ಒಂದೇ ಸಾಲು: "ಮನೋಲ್ ಚೆನ್ನಾಗಿದ್ದಾನೆ." ಕೆಳಗೆ ತನ್ನ ಹೆಸರು. ಡಿಸೆಂಬರ್ ಅರ್ಧ ಕಳೆದರೆ ಸಾಕು, ಗೇಟಿನ ಸದ್ದಾದಾಗಲೆಲ್ಲ ನಾನು ಎದ್ದು ಹೋಗಿ ನೋಡುತ್ತೇನೆ.