ಹೆಗಲು ದಾಟದ ಕೋಲು

ನಾನು ಒಂದು ಗಾಲ್ಫ್ ಕೋಲು. ಕಬ್ಬಿಣದ ತಲೆ, ಉಕ್ಕಿನ ಮೈ, ರಬ್ಬರಿನ ಹಿಡಿ. ಬೆಂಕಿಯಲ್ಲಿ ಕಾದು, ಏಟು ತಿಂದು ಹೊರಬಂದ ದಿನವೇ ನನ್ನ ಅಂಗಾಲಿಗೆ ಏಳು ಎಂಬ ಅಂಕಿ ಒತ್ತಿದರು. ಬೇರೆ ಹೆಸರು ನನಗಿಲ್ಲ.

ನನ್ನನ್ನು ಕೊಂಡವರು ವಿರಾಜಪೇಟೆ ಕಡೆಯ ಚೀಯಣ್ಣ, ಸೇನೆಯಿಂದ ನಿವೃತ್ತರಾದ ಸುಬೇದಾರರು. ಪಲ್ಟನ್ನಿನ ಹಾಕಿ ತಂಡದಲ್ಲಿ ಹೆಸರು ಮಾಡಿದವರು. ಅವರ ಕಾಲದ ಹಾಕಿಯಲ್ಲಿ ಕೋಲು ಹೆಗಲಿಗಿಂತ ಮೇಲೆದ್ದರೆ ಫೌಲ್; ಅಂಪೈರ್ ವಿಸಿಲ್ ಊದಿಬಿಡುತ್ತಿದ್ದ. ಆ ವಿಸಿಲ್ ಅವರ ಕಿವಿ ಬಿಟ್ಟು ಹೋಗಲೇ ಇಲ್ಲ. ನನ್ನನ್ನು ಎತ್ತಿದರೆ ತೋಳು ಹೆಗಲ ಹತ್ತಿರ ತಾನಾಗಿಯೇ ನಿಂತುಬಿಡುತ್ತಿತ್ತು. ಹಿಡಿತವೋ, ಉಡದ ಹಿಡಿತ!

ಗಾಲ್ಫಿನ ಹೊಡೆತವೇ ಬೇರೆ. ಕೋಲೆತ್ತುವಾಗ ಮಣಿಕಟ್ಟು ಮಡಚಬೇಕು. ಇಳಿಸುವಾಗ ತೋಳು ಮೊದಲು ಬರಬೇಕು, ಚೆಂಡು ಹತ್ತಿರವಾದ ಮೇಲೆ ಮಣಿಕಟ್ಟು ತಾನಾಗಿ ಬಿಚ್ಚಿಕೊಳ್ಳಬೇಕು. ಆಗ ನನ್ನ ಮುಖ ಚೆಂಡಿಗೆ ನೇರ ಸಿಗುತ್ತದೆ. ಚೀಯಣ್ಣನವರ ಮಣಿಕಟ್ಟು ಬಿಚ್ಚಿಕೊಂಡರೆ ತಾನೆ! ನನ್ನ ಮುಖ ಬಲಕ್ಕೇ ತಿರುಗಿರುತ್ತಿತ್ತು, ಚೆಂಡು ಬಲಕ್ಕೆ ಹಾರಿ ಕಾಫಿ ತೋಟ ಸೇರುತ್ತಿತ್ತು. ಬೈಗುಳ ಮಾತ್ರ ನನಗೆ.

ಅವರ ಮಗಳು ದೇಚಮ್ಮ ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ನನ್ನನ್ನು ಎತ್ತಿಕೊಂಡಳು. ಹೂ ಹಿಡಿದ ಹಾಗೆ ಹಿಡಿದಳು. ಬೀಸಿದಾಗ ನಾನು ಸುಯ್ಯೆಂದೆ. ಅಂಥ ಸದ್ದು ನನ್ನೊಳಗಿದೆ ಎಂದು ನನಗೇ ಗೊತ್ತಿರಲಿಲ್ಲ. ಚೆಂಡು ಕುಳಿಯ ಗುರುತಿಗೆ ನೆಟ್ಟ ಬಾವುಟದ ಬುಡದಲ್ಲಿ ಬಿತ್ತು. ಅಂದಿನಿಂದ ಅವಳು ದಿನಾ ಆಡತೊಡಗಿದಳು. ಅಪ್ಪನಿಗೆ ಹೆಮ್ಮೆಯಾಯಿತು, ಜೊತೆಗೆ ತಿದ್ದುವ ಚಟವೂ ಹತ್ತಿತು.

"ಕೈ ಯಾಕೆ ಅಷ್ಟು ಸಡಿಲ? ಬಿಗಿಯಾಗಿ ಹಿಡಿ. ಹೆಗಲು ದಾಟಿಸಬೇಡ."

"ಹಾಗೆ ಹಿಡಿದ್ರೆ ಬಲಕ್ಕೆ ಹೋಗುತ್ತೆ ಅಪ್ಪ."

"ನಾನು ಕೋಲು ಹಿಡಿದಾಗ ನೀನು ಹುಟ್ಟೇ ಇರ್ಲಿಲ್ಲ."

ರಾಜ್ಯದ ಗಾಲ್ಫ್ ತಂಡದ ಆಯ್ಕೆಯ ದಿನ ಅಪ್ಪ ಅವಳ ಬೆನ್ನ ಹಿಂದೆಯೇ ನಿಂತಿದ್ದರು. ಹುಡುಗಿ ಅಪ್ಪ ಹೇಳಿದಂತೆಯೇ ಹಿಡಿದಳು. ಅವಳ ಬೆರಳು ಬಿಗಿಯುವಾಗ ನನಗೆ ಅಳು ಬಂದಿತ್ತು. ಚೆಂಡುಗಳೆಲ್ಲ ಬಲಕ್ಕೆ ಹೋದವು, ಅವಳನ್ನು ಆರಿಸಲಿಲ್ಲ. ಆಮೇಲೆ ಅವಳು ನನ್ನನ್ನು ಮುಟ್ಟಲಿಲ್ಲ. ಮಡಿಕೇರಿಯಲ್ಲಿ ಟೀಚರ್ ಆದಳು.

ವರ್ಷಗಳಾದ ಮೇಲೆ ಚೀಯಣ್ಣನವರಿಗೆ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಯಿತು. ಅವರು ಎದ್ದು ನಿಲ್ಲುವಂತಾದಾಗ, ಕೈಗೆ ಏನಾದರೂ ಹಿಡಿಸಿ ಎಂದರು ಡಾಕ್ಟರು. ರಜೆ ಹಾಕಿ ಬಂದಿದ್ದ ದೇಚಮ್ಮ ನನ್ನನ್ನು ಹಿಡಿಸಿದಳು. ಬೆರಳು ಮುಚ್ಚಲಿಲ್ಲ. ನಾನು ಠಣ್ಣೆಂದು ನೆಲಕ್ಕೆ ಬಿದ್ದೆ.

"ಬಿಗಿ ಹಿಡಿಯೋಕೆ ಆಗ್ತಿಲ್ಲ ಮಗಳೇ," ಎಂದರು, ಕಣ್ಣು ತುಂಬಿಕೊಂಡು.

"ಬೇಡ ಅಪ್ಪ. ಸಡಿಲವಾಗೇ ಇರಲಿ."

ಅವಳು ಅಂಗಳದಲ್ಲಿ ಹಿಂದಿನಿಂದ ಅವರನ್ನು ಆತುಕೊಂಡು, ಅವರ ಕೈಗಳ ಮೇಲೆ ತನ್ನ ಕೈಯಿಟ್ಟು ನನ್ನನ್ನು ಮೆಲ್ಲಗೆ ಬೀಸಿದಳು. ಮಣಿಕಟ್ಟು ಬಿಚ್ಚಿಕೊಂಡಿತು. ನಾನು ಅವರ ಹೆಗಲು ದಾಟಿ ಮೇಲೆ ಹೋದೆ, ಮೊದಲ ಸಲ. ಚೆಂಡು ನೆಟ್ಟಗೆ ಹೋಗಿ ಹಲಸಿನ ಮರಕ್ಕೆ ತಾಗಿತು.

"ವಿಸಿಲ್ ಊದ್ಲಿಲ್ಲ, ಅಲ್ವಾ?" ಎಂದು ಮಗುವಿನಂತೆ ನಕ್ಕರು. ನಗು ನಿಂತ ಮೇಲೆ, "ನಿನ್ನ ಕೈ ಸರಿಯಾಗೇ ಇತ್ತು. ನಾನೇ ಕೆಡಿಸ್ಬಿಟ್ಟೆ," ಎಂದರು.

"ಇನ್ನೊಂದು ಹೊಡೆಯೋಣ್ವಾ ಅಪ್ಪ?"

ಅವರಿಗೆ ಸುಸ್ತಾಗಿತ್ತು. ನಾಳೆ ಎಂದರು. ಆ ನಾಳೆ ಬರಲಿಲ್ಲ.

ಈಗ ನಾನು ಮಡಿಕೇರಿಯ ಅವಳ ಮನೆಯ ಮೂಲೆಯಲ್ಲಿ, ಅವರ ಹಾಕಿ ಕೋಲಿನ ಪಕ್ಕದಲ್ಲಿದ್ದೇನೆ. ಅವಳು ಆಡುವುದಿಲ್ಲ, ತಂಡ ಸೇರುವ ವಯಸ್ಸು ಹೋಯಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನನ್ನ ಹಿಡಿಯಲ್ಲಿ ಚೀಯಣ್ಣನವರ ಎಡಗೈ ಹೆಬ್ಬೆರಳು ಒತ್ತಿ ಒತ್ತಿ ಒಂದು ಗುಳಿ ಬಿದ್ದಿದೆ. ಹೊಸ ಹಿಡಿ ಹಾಕಿಕೊಡುತ್ತೇನೆಂದು ಅಂಗಡಿಯವನು ಹೇಳಿದಾಗ ಅವಳು ಬೇಡವೆಂದಳು.

ಕೊಡಗಿನ ಆಯುಧ ಹಬ್ಬವಾದ ಕೈಲ್ ಮುಹೂರ್ತದ ದಿನ ಮನೆಯ ಕೋವಿಗೆ ಹೂವಿಟ್ಟು ಪೂಜೆ ಮಾಡುವಾಗ ನನ್ನನ್ನೂ ಪಕ್ಕದಲ್ಲಿ ನಿಲ್ಲಿಸುತ್ತಾಳೆ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಆ ಗುಳಿಯಲ್ಲಿ ತನ್ನ ಹೆಬ್ಬೆರಳಿಟ್ಟು ನೋಡುತ್ತಾಳೆ. ಅವಳ ಬೆರಳು ಚಿಕ್ಕದು. ಸುತ್ತ ಇನ್ನೂ ಜಾಗ ಉಳಿಯುತ್ತದೆ.